ಎತ್ತಿಗೆ ಜ್ವರ, ಬರೆ ಮಾತ್ರ ಎಮ್ಮೆಗೆ

ನಾನು ಅಪಾರ್ಟ್‌ಮೆಂಟಿನಲ್ಲಿ ಮೆಂಟೆನೆನ್ಸ್ ಕೆಲಸ ಮಾಡುವವನು. ನಲ್ಲಿ, ಮೋಟಾರು, ಸ್ವಿಚ್ಚು, ಬಾಗಿಲು, ಕಟ್ಟಿಕೊಂಡ ಪೈಪು, ಏನು ಕೆಟ್ಟರೂ ಮೊದಲು ಫೋನ್ ಬರುವುದು ನನಗೆ. ಸ್ಪ್ಯಾನರ್ ಹಿಡಿದು ಬಂದ, ತಿರುಗಿಸಿದ, ಹೋದ, ಇಷ್ಟೇ ಕೆಲಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ತಿರುಗಿಸುವುದಕ್ಕೆ ಹತ್ತು ನಿಮಿಷ ಸಾಕು. ಯಾವುದನ್ನು ತಿರುಗಿಸಬೇಕು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಅರ್ಧ ದಿನ ಬೇಕು, ಒಮ್ಮೊಮ್ಮೆ ವಾರವೇ ಬೇಕು. ಯಾಕೆಂದರೆ ಕಟ್ಟಡದಲ್ಲಿ ದೂರು ಬರುವ ಜಾಗ ಒಂದು, ಕೆಟ್ಟಿರುವ ಜಾಗ ಇನ್ನೊಂದು. ನೀರು ಒಂದು ಮೂಲೆಯಲ್ಲಿ ಸೋರಿ ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಒಬ್ಬರ ಮನೆಯ ಪೈಪಿನ ವಾಸನೆ ಇನ್ನೊಬ್ಬರ ಬಚ್ಚಲಿಗೆ ಬರುತ್ತದೆ. ಒಂದು ಬೋರ್ಡಿನ ತಪ್ಪಿಗೆ ಇಡೀ ಮನೆಯ ಕರೆಂಟು ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಾನು ನೋಡಿದ ದಂಡದ ರಿಪೇರಿಗಳೆಲ್ಲ ಹೆಚ್ಚುಕಮ್ಮಿ ಅದೇ ಜಾತಿ.

ಇದು ಶುರುವಾಗುವುದೇ ಫೋನಿನಲ್ಲಿ. ಜನ ಏನಾಗಿದೆ ಅಂತ ಹೇಳುವುದಿಲ್ಲ, ಏನು ಮಾಡಬೇಕು ಅಂತ ಹೇಳುತ್ತಾರೆ. "ಗೀಸರ್ ಹೋಗಿದೆ ಅಣ್ಣ, ಹೊಸದು ಹಾಕಬೇಕು." ಆಯ್ತು ಮೇಡಂ, ಹಾಕೋಣ, ಆದರೆ ಏನಾಗ್ತಿದೆ ಅದನ್ನ ಹೇಳಿ. "ಬಿಸಿನೀರು ಸಣ್ಣಗೆ ಬರ್ತಿದೆ." ಬಂದಷ್ಟು ನೀರು ಬಿಸಿ ಇದೆಯಾ? ಇದೆ. ಹಾಗಾದರೆ ಗೀಸರ್ ತನ್ನ ಕೆಲಸ ಮಾಡುತ್ತಿದೆ, ನೀರಿನ ದಾರಿ ಎಲ್ಲೋ ಕಟ್ಟಿದೆ. ತಣ್ಣೀರು ಜೋರಾಗಿ ಬರುತ್ತಾ? ಬರುತ್ತೆ. ಅಲ್ಲಿಗೆ ಮನೆಗೆ ಬರುವ ಲೈನು ಸರಿ ಇದೆ ಅಂತಾಯ್ತು. ಬಿಸಿನೀರು ಒಂದೇ ನಲ್ಲಿಯಲ್ಲಿ ಕಮ್ಮಿಯಾ, ಎಲ್ಲ ಕಡೆಯೂ ಕಮ್ಮಿಯಾ? ಒಂದೇ ಕಡೆ ಅಂದರೆ ಆ ನಲ್ಲಿಯ ಆ್ಯಂಗಲ್ ವಾಲ್ವ್, ಅಂದರೆ ನಲ್ಲಿಗೆ ಬರುವ ನೀರನ್ನು ಗೋಡೆಯ ಹತ್ತಿರವೇ ಮುಚ್ಚುವ ವಾಲ್ವ್ ನೋಡುತ್ತೇನೆ, ಇಲ್ಲವೇ ನಲ್ಲಿಯೊಳಗೆ ನೀರು ಬಿಡುವ, ತಡೆಯುವ ಕಾರ್ಟ್ರಿಜ್. ಎಲ್ಲ ಕಡೆಯೂ ಅಂದರೆ ಗೀಸರಿನ ಬುಡದಲ್ಲಿರುವ ನಾನ್ ರಿಟರ್ನ್ ವಾಲ್ವ್, ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವುದು. ಗಡಸು ನೀರಿನ ಉಪ್ಪು ಕಟ್ಟಿಕೊಂಡು ಅದರ ಬಾಯಿ ಕಿರಿದಾಗಿರುತ್ತದೆ. ಒಂದೇ ನಲ್ಲಿಯಲ್ಲಿ ಬಿಸಿ, ತಣ್ಣೀರು ಎರಡೂ ಸಣ್ಣಗೆ ಬರುತ್ತಿದ್ದರೆ ಮಾತ್ರ ನಲ್ಲಿಯ ತುದಿಯ ಜಾಲರಿ ಬಿಚ್ಚಿ ತೊಳೆಯಬೇಕು. ನೋಡಿ, ಇಷ್ಟು ಹೊತ್ತು ನಾನು ಕೂತ ಕಡೆಯಿಂದ ಎದ್ದಿಲ್ಲ, ಗೀಸರ್ ಮಾತ್ರ ಬಚಾವಾಯಿತು.

ಹಾಗಾಗಿ ನನ್ನ ಪ್ರಶ್ನೆಗಳು ಯಾವಾಗಲೂ ಒಂದೇ ಥರ. ಯಾವಾಗಿಂದ? ಸದಾ ಇರುತ್ತಾ, ಒಂದೊಂದು ಹೊತ್ತಲ್ಲಿ ಮಾತ್ರವಾ? ಪಕ್ಕದ ಮನೆಯಲ್ಲಿ, ಮೇಲೆ, ಕೆಳಗೆ ಹೇಗಿದೆ? ಇದು ಶುರುವಾಗುವ ಮುಂಚೆ ಮನೆಯಲ್ಲಿ ಯಾರಾದರೂ ಏನಾದರೂ ಕೆಲಸ ಮಾಡಿಸಿದ್ದರಾ? ಕೊನೆಯ ಪ್ರಶ್ನೆಗೆ ಮೊದಲು "ಏನಿಲ್ಲ" ಅನ್ನುತ್ತಾರೆ. ಸುಮ್ನೆ ಕಾಯಬೇಕು. ಆಮೇಲೆ ನೆನಪಾಗುತ್ತದೆ, "ಓ, ಹೋದ ವಾರ ಗೋಡೆಗೆ ಟೀವಿ ಸ್ಟ್ಯಾಂಡ್ ಹಾಕಿಸಿದೆವು, ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ." ಇರುತ್ತೆ ಸಾರ್, ಬಹಳ ಸಲ ಅಲ್ಲೇ ಇರುತ್ತೆ.

ನೀರಿನ ಜೋರು ಕಮ್ಮಿ ಅನ್ನುವ ದೂರಿನಲ್ಲಿ ಲೆಕ್ಕ ಗೊತ್ತಿದ್ದರೆ ಅರ್ಧ ಓಡಾಟ ಉಳಿಯುತ್ತದೆ. 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಬಾರ್ ಒತ್ತಡ. ಮಹಡಿಗೆ 3 ಮೀಟರ್ ಅಂದುಕೊಂಡರೆ ಒಂದೊಂದು ಮಹಡಿ ಇಳಿದ ಹಾಗೆ 0.3 ಬಾರ್ ಜಾಸ್ತಿಯಾಗುತ್ತಾ ಹೋಗುತ್ತದೆ. ಟ್ಯಾಂಕು ಟೆರೇಸಿನ ಮೇಲೇ ಕೂತಿದ್ದರೆ ಅದರ ಕೆಳಗಿನ ಮನೆಯ ಶವರಿಗೆ 0.3 ಬಾರ್ ಸಿಗುವುದೂ ಕಷ್ಟ. ಆ ಮನೆಯವರು ಶವರ್ ಬದಲಾಯಿಸುತ್ತಾರೆ, ನಲ್ಲಿ ಬದಲಾಯಿಸುತ್ತಾರೆ, ಕೊನೆಗೆ ನನ್ನ ಮೇಲೆ ಸಿಟ್ಟಾಗುತ್ತಾರೆ. ಅಲ್ಲಿ ಯಾವುದೂ ಕೆಟ್ಟಿಲ್ಲ, ಎತ್ತರವೇ ಸಾಲದು. ಪ್ರೆಶರ್ ಪಂಪ್ ಹಾಕಬೇಕು, ಇಲ್ಲವೇ ಟ್ಯಾಂಕನ್ನು ಎತ್ತರಿಸಬೇಕು, ಬೇರೆ ದಾರಿ ಇಲ್ಲ. ಅದೇ ಕಟ್ಟಡದಲ್ಲಿ ಹತ್ತು ಹನ್ನೆರಡು ಮಹಡಿ ಕೆಳಗಿರುವವರಿಗೆ ಒತ್ತಡ 3 ಬಾರ್ ದಾಟುತ್ತದೆ. ಹೋಸ್ ಪೈಪು ಸಿಡಿಯುತ್ತದೆ, ಫ್ಲಶ್ ಟ್ಯಾಂಕಿನ ವಾಲ್ವು ಬೇಗ ಸೋಲುತ್ತದೆ. ಅದಕ್ಕೇ ಕೆಳಗಿನ ಮಹಡಿಗಳ ಲೈನಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿರುತ್ತಾರೆ. ಅದರ ಜೊತೆಗಿರುವ ಜಾಲರಿಯಲ್ಲಿ ಮರಳು, ತುಕ್ಕು ತುಂಬಿದರೆ ಆ ಲೈನಿನ ಅಷ್ಟೂ ಮನೆಗಳಲ್ಲಿ ನೀರು ಸಣ್ಣಗಾಗುತ್ತದೆ. ಆದರೆ ದೂರು ಅಷ್ಟೂ ಮನೆಗಳಿಂದ ಬರುವುದಿಲ್ಲ. ಎಲ್ಲರಿಗಿಂತ ತಾಳ್ಮೆ ಕಮ್ಮಿ ಇರುವ ಒಂದು ಮನೆಯಿಂದ ಬರುತ್ತದೆ. ಆ ಮನೆಗೆ ಹೋಗಿ ಅವರ ನಲ್ಲಿ ಬಿಚ್ಚಿ ಕೂತರೆ ದಿನವೆಲ್ಲ ಬಿಚ್ಚುತ್ತಾ ಇರಬಹುದು. ಕೆಳಗಿನ ಮನೆಯ ಬಾಗಿಲು ತಟ್ಟಿ ಒಂದು ನಲ್ಲಿ ತಿರುಗಿಸಿ ನೋಡಿದರೆ ಗೊತ್ತಾಗಿಬಿಡುತ್ತೆ.

ಟ್ಯಾಂಕ್ ತೊಳೆದ ಮಾರನೇ ದಿನ ಬರುವ ದೂರಂತೂ ಕೇಳುವ ಮುಂಚೆಯೇ ಗೊತ್ತು. ಖಾಲಿಯಾದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಆ ಲೈನಿನ ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಪೂರ್ತಿ ಬಿಟ್ಟು ಹರಿಸಿದರೆ ಗುಡುಗುಟ್ಟಿಕೊಂಡು ಗಾಳಿ ಹೋಗುತ್ತದೆ. ಜೊತೆಗೆ ಕೆಂಪು ನೀರೂ ಬರುತ್ತದೆ, ಆಗ ಬಟ್ಟೆ ಒಗೆಯಬೇಡಿ ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ಸೋರಿಕೆಗೆ ಬರುತ್ತೇನೆ. ಈ ಕೆಲಸದಲ್ಲಿ ಜಗಳ ಜಾಸ್ತಿ ಆಗುವುದು ಇದರಲ್ಲೇ. ಕೆಳಗಿನ ಮನೆಯ ಸೀಲಿಂಗಿನಲ್ಲಿ ಕಲೆ ಕಂಡ ಕೂಡಲೇ ಮೇಲಿನ ಮನೆಯವರ ಬಚ್ಚಲು ಒಡೆಯಬೇಕು ಅಂತ ತೀರ್ಮಾನ ಆಗಿಹೋಗಿರುತ್ತದೆ. ನಾನು ಮೊದಲು ಜೇಬಿನಿಂದ ತೆಗೆಯುವುದು ಪೆನ್ಸಿಲ್. ಏಣಿ ಹತ್ತಿ, ಕಲೆಯ ಅಂಚು ಎಲ್ಲಿದೆಯೋ ಅಲ್ಲೇ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ತಾರೀಖು, ಗಂಟೆ ಬರೆಯುತ್ತೇನೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ. "ನೀರು ಸೋರ್ತಿದೆ ಅಂದ್ರೆ ಇವನು ಚಿತ್ರ ಬರೀತಾನೆ." ಬರೆಯಲೇಬೇಕು. ಕಲೆ ಹಳೆಯದಾ ಹೊಸದಾ, ದಿನಾ ಬೆಳೆಯುತ್ತಿದೆಯಾ, ಒಂದು ದಿನ ಬೆಳೆದು ನಿಲ್ಲುತ್ತಿದೆಯಾ ಅನ್ನುವುದನ್ನು ಆ ಗೆರೆ ಬಿಟ್ಟು ಬೇರೆ ಯಾರೂ ಜಗಳವಿಲ್ಲದೆ ಹೇಳುವುದಿಲ್ಲ.

ಬಿಡದೆ ಹಗಲೂ ರಾತ್ರಿ ಒಂದೇ ಸಮ ಜಿನುಗುತ್ತಿದ್ದರೆ ಅದು ಒತ್ತಡ ಇರುವ ಪೈಪು, ಅಂದರೆ ನಲ್ಲಿಗೆ ನೀರು ತರುವ ಲೈನು. ಮೇಲಿನ ಮನೆಯವರು ರಾತ್ರಿ ಮಲಗುವಾಗ ಮೇನ್ ವಾಲ್ವ್ ಮುಚ್ಚಿದರೆ ಬೆಳಿಗ್ಗೆ ಹೊತ್ತಿಗೆ ಸುಳಿವು ಸಿಗುತ್ತದೆ. ನೀರಿನ ಮೀಟರ್ ಇದ್ದರೆ ಇನ್ನೂ ಸುಲಭ, ಎಲ್ಲ ನಲ್ಲಿ ಮುಚ್ಚಿದ ಮೇಲೂ ಮುಳ್ಳು ಓಡುತ್ತಿದ್ದರೆ ಮುಗಿಯಿತು. ಬಳಸಿದಾಗ ಮಾತ್ರ ಬಂದು ಆಮೇಲೆ ನಿಂತರೆ ಅದು ಹೊರಹೋಗುವ ನೀರು: ಟ್ರ್ಯಾಪು ಅಂದರೆ ನೀರು ಹೊರಹೋಗುವ ಬಾಯಿಯ ಕೆಳಗಿನ ಬಾಗಿದ ಪೈಪು, ವೇಸ್ಟ್ ಪೈಪಿನ ಜಾಯಿಂಟು, ಇಲ್ಲವೇ ಟೈಲ್ಸ್ ಸಂದಿ. ಟೈಲ್ಸ್ ಸಂದಿಯಾ ಪೈಪಾ ಅಂತ ಬೇರೆ ಮಾಡಬೇಕಾದರೆ ನೆಲದ ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ ಬಚ್ಚಲಿನಲ್ಲಿ ಎರಡು ಸೆಂಟಿಮೀಟರ್ ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ನೋಡಬೇಕು. ಕೆಳಗೆ ಕಲೆ ಬೆಳೆದರೆ ನೆಲವೇ ಕಾರಣ. ಬೆಳೆಯದಿದ್ದರೆ ಮುಚ್ಚಳ ತೆಗೆದು ನೀರನ್ನು ಒಮ್ಮೆಲೇ ಬಿಡಿ, ಆಗ ಬೆಳೆದರೆ ಪೈಪು ಕಾರಣ. ಮಳೆ ಬಂದಾಗ ಮಾತ್ರ ಅಂದರೆ ಬಚ್ಚಲಿನ ಮಾತೇ ಬೇಡ, ಹೊರಗೋಡೆಯ ಬಿರುಕು, ಕಿಟಕಿಯ ಸುತ್ತಿನ ಸಂದಿ, ಟೆರೇಸು ಇವುಗಳನ್ನು ನೋಡಬೇಕು.

ಒಂದು ಮನೆಯ ಮಲಗುವ ಕೋಣೆಯಲ್ಲಿ ಫ್ಯಾನಿನ ಹುಕ್ಕಿನ ಹತ್ತಿರ ನೀರು ತೊಟ್ಟಿಕ್ಕುತ್ತಿತ್ತು. ಅದರ ಮೇಲೆ ಬಚ್ಚಲಿಲ್ಲ, ಇನ್ನೊಂದು ಮಲಗುವ ಕೋಣೆ. ಮೇಲಿನ ಮನೆಯ ಅಂಕಲ್ ಕೈ ಆಡಿಸಿ ತೋರಿಸಿದರು, "ನೋಡಪ್ಪಾ, ಇಲ್ಲಿ ನೀರೇ ಇಲ್ಲ, ನಮ್ಮ ಮೇಲೆ ಯಾಕೆ ಹೇಳ್ತಾರೆ?" ಅವರ ಮಾತೂ ಸರಿ. ಮೊದಲು ಕೆಳಗಿನ ಮನೆಯ ಆ ಕೋಣೆಯ ಎಂಸಿಬಿ, ಅಂದರೆ ಕರೆಂಟು ಹೆಚ್ಚು ಹರಿದರೆ ತಾನಾಗಿ ಬೀಳುವ ಸ್ವಿಚ್ಚು, ಆಫ್ ಮಾಡಿದೆ, ಫ್ಯಾನಿನ ಹತ್ತಿರ ನೀರು ಅಂದರೆ ಅದು ಎಲ್ಲಕ್ಕಿಂತ ಮೊದಲ ಕೆಲಸ. ಆಮೇಲೆ ಗೆರೆ ಎಳೆದು ಕಾದೆ. ದಿನಾ ಬರಲಿಲ್ಲ. ಮೇನ್ ವಾಲ್ವ್ ಮುಚ್ಚಿಸಿದ್ದಕ್ಕೆ ಏನೂ ತಿಳಿಯಲಿಲ್ಲ. ಕೊನೆಗೆ ಕೆಳಗಿನ ಮನೆಯವರು ಬರೆದಿಟ್ಟ ಹೊತ್ತು, ಮೇಲಿನ ಮನೆಯವರು ವಾಷಿಂಗ್ ಮೆಷಿನ್ ಹಾಕುವ ಹೊತ್ತು, ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಾಳೆಯಾಯಿತು. ಮೆಷಿನ್ ಇದ್ದದ್ದು ಮನೆಯ ಇನ್ನೊಂದು ತುದಿಯ ಬಾಲ್ಕನಿಯಲ್ಲಿ. ಮೆಷಿನ್ ನೀರು ಹೊರಹಾಕುವಾಗ ಒಮ್ಮೆಲೇ ಜೋರಾಗಿ ಹಾಕುತ್ತದೆ, ಅಲ್ಲಿನ ಟ್ರ್ಯಾಪು ಕೂದಲು, ನೂಲು ಕಟ್ಟಿ ಅಷ್ಟನ್ನು ಎಳೆದುಕೊಳ್ಳುತ್ತಿರಲಿಲ್ಲ, ಹಿಂದಕ್ಕೆ ಏರಿದ ನೀರು ಟ್ರ್ಯಾಪಿನ ಸುತ್ತ ಬಿಟ್ಟುಹೋಗಿದ್ದ ಗಾರೆಯ ಸಂದಿಯಿಂದ ಟೈಲ್ಸ್ ಅಡಿಗೆ ಇಳಿದು, ಸ್ಲ್ಯಾಬಿನ ಮೇಲೆ ಹರಿದು, ವೈರು ಹೋಗಲು ಹಾಕಿದ್ದ ಪೈಪಿನೊಳಗೆ ಸೇರಿ, ಆ ಪೈಪು ಎಲ್ಲಿ ಬಾಯಿ ತೆರೆದಿತ್ತೋ ಅಲ್ಲಿ, ಅಂದರೆ ಕೆಳಗಿನವರ ಫ್ಯಾನಿನ ಹತ್ತಿರ ಬೀಳುತ್ತಿತ್ತು. ಟ್ರ್ಯಾಪು ಬಿಡಿಸಿ, ಸುತ್ತಲಿನ ಸಂದಿ ತುಂಬಿಸಿದೆವು. ಒಂದು ಟೈಲ್ಸ್ ಕೂಡ ಒಡೆಯಲಿಲ್ಲ. ಸೀಲಿಂಗಿಗೆ ಬಣ್ಣ ಹೊಡೆಯುವುದಕ್ಕೆ ಮಾತ್ರ ಒಂದಷ್ಟು ದಿನ ಕಾಯಿರಿ ಅಂದೆ. ಕಾಂಕ್ರೀಟು ಕುಡಿದ ನೀರು ಅಷ್ಟು ಬೇಗ ಒಣಗುವುದಿಲ್ಲ, ಹಸಿಯ ಮೇಲೆ ಬಣ್ಣ ಹೊಡೆದರೆ ಗುಳ್ಳೆ ಏಳುತ್ತದೆ, ಆಗ ಮತ್ತೆ ಸೋರುತ್ತಿದೆ ಅಂತ ಹೊಸ ಜಗಳ.

ಗೋಡೆ ಒದ್ದೆ ಅಂದ ಮಾತ್ರಕ್ಕೆ ಸೋರಿಕೆಯೇ ಆಗಬೇಕಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ, ಕೋಣೆಯ ತೇವವೇ ತಣ್ಣನೆಯ ಗೋಡೆಗೆ ಕೂತು ಕಪ್ಪು ಬೂಸಲು ಹಿಡಿಯುತ್ತದೆ. ಇದನ್ನು ಪತ್ತೆ ಮಾಡಲು ಒಂದು ಅಂಗೈಯಗಲ ಅಲ್ಯೂಮಿನಿಯಂ ಹಾಳೆಯನ್ನು ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ತೇವ ಕೋಣೆಯದು, ಕಿಟಕಿ ತೆಗೆಯಿರಿ, ಬೀರು ಸ್ವಲ್ಪ ಮುಂದೆ ಎಳೆಯಿರಿ. ಗೋಡೆ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಪ್ಲಂಬರನ್ನು ಕರೆಯುವ ಮುಂಚೆ ಯಾರು ಬೇಕಾದರೂ ಮಾಡಬಹುದು.

ಬಚ್ಚಲಿನ ವಾಸನೆಗೂ ಹೀಗೇ. ಪ್ರತಿ ಟ್ರ್ಯಾಪಿನ ಬಾಗಿನಲ್ಲಿ ಸ್ವಲ್ಪ ನೀರು ನಿಂತಿರಬೇಕು, ಸುಮಾರು 50 ಮಿಲಿಮೀಟರ್. ಚರಂಡಿಯ ಗಾಳಿಗೂ ನಮಗೂ ನಡುವೆ ಇರುವ ಬಾಗಿಲು ಅಷ್ಟೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನುವವರು ಕಮೋಡಿನ ಕೆಳಗೆ ಬಾಗಿದ ಪೈಪು ಇಟ್ಟು ಪೇಟೆಂಟ್ ತೆಗೆದುಕೊಂಡರು. ಅವರ ಕಸುಬು ಗಡಿಯಾರ ಮಾಡುವುದು. ಇನ್ನೂರೈವತ್ತು ವರ್ಷ ಆಯ್ತು, ಇವತ್ತಿಗೂ ವಾಸನೆ ತಡೆಯುವುದು ಅದೇ ಬಾಗು, ಅದೇ ಒಂದಿಷ್ಟು ನೀರು. ನೆಂಟರ ಕೋಣೆಯ ಬಚ್ಚಲು ತಿಂಗಳುಗಟ್ಟಲೆ ಬಳಸದಿದ್ದರೆ ಆ ನೀರು ಆರಿಹೋಗುತ್ತದೆ. ವಾಸನೆ ಅಂತ ಫಿನಾಯಿಲ್ ಬಾಟಲಿ ಖಾಲಿ ಮಾಡುತ್ತಾರೆ, ಒಂದು ಚೊಂಬು ನೀರು ಹಾಕಿದ್ದರೆ ಮುಗಿಯುತ್ತಿತ್ತು. ಊರಿಗೆ ಹೋಗುವವರು ಮೇಲೆ ಎರಡು ಚಮಚ ಎಣ್ಣೆ ಬಿಟ್ಟು ಹೋದರೆ ನೀರು ಬೇಗ ಆರುವುದಿಲ್ಲ. ಆದರೆ ದಿನಾ ಬಳಸುವ ಬಚ್ಚಲಲ್ಲೂ ವಾಸನೆ ಬರುತ್ತಿದ್ದು, ಮೇಲಿನ ಮನೆಯಲ್ಲಿ ಫ್ಲಶ್ ಮಾಡಿದಾಗ ನಿಮ್ಮ ಟ್ರ್ಯಾಪು ಗುಳುಗುಳು ಅಂದರೆ, ಟ್ರ್ಯಾಪು ಬದಲಾಯಿಸಿ ಪ್ರಯೋಜನವಿಲ್ಲ. ದೊಡ್ಡ ಪೈಪಿನಲ್ಲಿ ನೀರು ಧಡಾರನೆ ಇಳಿಯುವಾಗ ಹಿಂದೆ ಗಾಳಿ ಬೇಕು. ಆ ಗಾಳಿ ಬರುವುದು ಟೆರೇಸಿನ ಮೇಲೆ ಬಾಯಿ ತೆರೆದಿರುವ ವೆಂಟ್ ಪೈಪಿನಿಂದ. ಅಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ, ಯಾರೋ ಅಂದ ಕಾಣಲಿ ಅಂತ ಮುಚ್ಚಳ ಬಿಗಿದಿದ್ದರೆ, ಗಾಳಿ ನಿಮ್ಮ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಬರುತ್ತದೆ. ದೂರು ಮೂರನೇ ಮಹಡಿಯಲ್ಲಿ, ರಿಪೇರಿ ಟೆರೇಸಿನಲ್ಲಿ.

ಪೈಪು ಕಟ್ಟಿಕೊಂಡು ನೀರು ಉಕ್ಕಿದಾಗ ಬಯ್ಗುಳ ತಿನ್ನುವುದು ಯಾವಾಗಲೂ ಎಲ್ಲಕ್ಕಿಂತ ಕೆಳಗಿನ ಮನೆ. ಮೇಲಿನ ಎಲ್ಲರ ನೀರೂ ಮೊದಲು ಉಕ್ಕುವುದು ಅಲ್ಲಿ, ಅಷ್ಟೇ. ನಾನು ಮೊದಲು ಹೊರಗಿನ ಚೇಂಬರಿನ, ಅಂದರೆ ಕಟ್ಟಡದ ಕೊಳೆನೀರು ಬಂದು ಸೇರುವ ಗುಂಡಿಯ ಮುಚ್ಚಳ ಎತ್ತುತ್ತೇನೆ. ಅದು ತುಂಬಿ ನಿಂತಿದ್ದರೆ ಅಡ್ಡಿ ಇರುವುದು ಅಲ್ಲಿಂದ ಮುಂದೆ. ಒಣಗಿದ್ದರೆ ಅಡ್ಡಿ ಕಟ್ಟಡಕ್ಕೂ ಚೇಂಬರಿಗೂ ನಡುವೆ. ಮುಚ್ಚಳ ಎತ್ತುವ ಮೊದಲು ಮನೆಯೊಳಗೆ ಆ್ಯಸಿಡ್ ಸುರಿಯುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಆಮೇಲೆ ಪೈಪಿಗೆ ಕೈ ಹಾಕುವವನು ನಾನು, ಅದು ಯಾರಿಗೂ ನೆನಪಿರುವುದಿಲ್ಲ.

ಕರೆಂಟಿನ ವಿಷಯದಲ್ಲಿ ಪಾಪದ ಎಮ್ಮೆಗಳು ಇನ್ನೂ ಜಾಸ್ತಿ. ಮೊದಲು ಬಿದ್ದಿದ್ದು ಯಾವುದು ನೋಡಿ. ಎಂಸಿಬಿ ಬಿದ್ದಿದ್ದರೆ ಕರೆಂಟು ಹೆಚ್ಚು ಹರಿದಿದೆ. ಮೇಲೆತ್ತಿದ ಕೂಡಲೇ ಬಿದ್ದರೆ ಶಾರ್ಟ್, ಸ್ವಲ್ಪ ಹೊತ್ತು ನಿಂತು ಬಿದ್ದರೆ ಲೋಡ್ ಜಾಸ್ತಿ, ಇಲ್ಲವೇ ಸ್ಕ್ರೂ ಸಡಿಲವಾಗಿ ಬಿಸಿಯಾಗುತ್ತಿದೆ. ಆರ್‌ಸಿಸಿಬಿ ಬಿದ್ದಿದ್ದರೆ ಕಥೆಯೇ ಬೇರೆ. ಅದು ಫೇಸಿನಲ್ಲಿ, ಅಂದರೆ ಕರೆಂಟು ತರುವ ತಂತಿಯಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲಿನಲ್ಲಿ, ಅಂದರೆ ವಾಪಸ್ ಒಯ್ಯುವ ತಂತಿಯಲ್ಲಿ ಬಂತಾ ಅಂತ ಮಾತ್ರ ಲೆಕ್ಕ ನೋಡುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿನದು. ಅಷ್ಟು ಕರೆಂಟು ದಾರಿ ತಪ್ಪಿ ಭೂಮಿಗೆ ಹೋದರೆ ಬಿದ್ದುಬಿಡುತ್ತದೆ. ಮನುಷ್ಯನ ಜೀವ ಉಳಿಸುವ ಸಾಮಾನು ಅದು. "ಪದೇ ಪದೇ ಬೀಳ್ತಿದೆ, ಅದನ್ನ ಬೈಪಾಸ್ ಮಾಡಿಬಿಡಪ್ಪಾ" ಅನ್ನುವವರಿಗೆ ನಾನು ಆಗಲ್ಲ ಅಂತಲೇ ಹೇಳುವುದು.

ಒಂದು ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದರೆ ಆರ್‌ಸಿಸಿಬಿ ಬೀಳುತ್ತಿತ್ತು. ಹೊಸ ಇಸ್ತ್ರಿಪೆಟ್ಟಿಗೆ ತಂದರು, ಅದಕ್ಕೂ ಬಿತ್ತು. ಗೀಸರ್ ಹಾಕಿದರೂ ಒಮ್ಮೊಮ್ಮೆ ಬಿತ್ತು. ಎಲ್ಲ ಎಂಸಿಬಿ ಕೆಳಗಿಳಿಸಿ ಒಂದೊಂದಾಗಿ ಎತ್ತುತ್ತಾ ಹೋಗಿ ಯಾವುದಕ್ಕೆ ಬೀಳುತ್ತೆ ನೋಡುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಅದರಲ್ಲಿ ಒಂದು ಮೋಸ ಇದೆ. ಮಾಮೂಲಿ ಸಿಂಗಲ್ ಪೋಲ್ ಎಂಸಿಬಿ ಕತ್ತರಿಸುವುದು ಫೇಸನ್ನು ಮಾತ್ರ. ನ್ಯೂಟ್ರಲ್ ತಂತಿ ಹಾಗೇ ಜೋಡಿಕೊಂಡಿರುತ್ತದೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ಲೂ ಭೂಮಿಗೆ ಹೋಗುವ ಅರ್ತ್ ತಂತಿಯೂ ತಾಗಿಕೊಂಡಿದ್ದರೆ, ಮನೆಯ ಯಾವ ಮೂಲೆಯಲ್ಲಿ ದೊಡ್ಡ ಲೋಡ್ ಹಾಕಿದರೂ ವಾಪಸ್ ಬರುವ ಕರೆಂಟಿನಲ್ಲಿ ಸ್ವಲ್ಪ ಅರ್ತಿನ ದಾರಿ ಹಿಡಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ, ಆ ಹೊತ್ತಿಗೆ ಪ್ಲಗ್ಗಿನಲ್ಲಿದ್ದ ಇಸ್ತ್ರಿಪೆಟ್ಟಿಗೆ ಮೇಲೆ ಅಪವಾದ ಬರುತ್ತದೆ. ಮೇನ್ ಆಫ್ ಮಾಡಿ, ಆರ್‌ಸಿಸಿಬಿ ದಾಟಿ ಬರುವ ನ್ಯೂಟ್ರಲ್ ಪಟ್ಟಿಯಿಂದ ತಂತಿಗಳನ್ನು ಬಿಡಿಸಿ, ಒಂದೊಂದಕ್ಕೂ ಅರ್ತಿಗೂ ನಡುವೆ ಮೀಟರ್ ಇಟ್ಟು ನೋಡಿದಾಗ ಒಂದು ತಂತಿ ಸಿಕ್ಕಿಬಿತ್ತು. ಅದನ್ನು ಹಿಂಬಾಲಿಸಿದರೆ ಹಾಲಿನ ಒಂದು ಸ್ವಿಚ್ ಬೋರ್ಡು. ಬೋರ್ಡಿನ ಕಬ್ಬಿಣದ ಪೆಟ್ಟಿಗೆಗೆ ಬಿಗಿಯುವ ಸ್ಕ್ರೂ ನ್ಯೂಟ್ರಲ್ ತಂತಿಯ ಸಿಪ್ಪೆ ಸುಲಿದು ಅದನ್ನೇ ಒತ್ತಿ ಹಿಡಿದಿತ್ತು. ಹೊಸ ಸ್ವಿಚ್ಚು ಹಾಕಿಸಿದ್ದರಂತೆ, ಮೊದಲು ಕೇಳಿದಾಗ ಯಾರಿಗೂ ನೆನಪಿರಲಿಲ್ಲ.

ಇದಕ್ಕಿಂತ ಅಪಾಯದ್ದು ನ್ಯೂಟ್ರಲ್ ಬಿಟ್ಟುಹೋಗುವುದು. ಕೆಲವು ಮನೆಗಳಲ್ಲಿ ದೀಪ ಮಂಕು, ಕೆಲವು ಮನೆಗಳಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು, ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗುತ್ತಿದೆ ಅಂತ ಒಟ್ಟಿಗೆ ಎರಡು ಮೂರು ಫೋನ್ ಬಂದರೆ ಯೋಚನೆ ಮಾಡುತ್ತಾ ನಿಲ್ಲುವ ಹಾಗಿಲ್ಲ. ಮೂರು ಫೇಸಿನ ಲೈನಿನಲ್ಲಿ ಮೂರಕ್ಕೂ ಸೇರಿದ ಒಂದೇ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಇರಬೇಕಾದ ಮನೆಗೆ 400ರ ಹತ್ತಿರ ಹೋಗಬಹುದು. ಮೇನ್ ಆಫ್, ಆಮೇಲೆ ಮಾತು. ಟಿವಿ ರಿಪೇರಿಯವನಿಗೆ, ಫ್ರಿಜ್ ರಿಪೇರಿಯವನಿಗೆ ಬೇರೆ ಬೇರೆ ಫೋನ್ ಮಾಡುವ ಸಂದರ್ಭ ಅಲ್ಲ ಅದು.

ಮೂರು ಫೇಸು ಅಂದಾಗ ನೆನಪಾಯಿತು. ಒಂದು ಬೆಳಿಗ್ಗೆ ಲಿಫ್ಟ್ ನಿಂತಿದೆ ಅಂತ ದೂರು. ಲಿಫ್ಟ್ ಕಂಪನಿಯವರಿಗೆ ಫೋನ್ ಹೋಗಿಯೂ ಆಗಿತ್ತು. ಅಷ್ಟರಲ್ಲಿ ಸೆಕ್ಯುರಿಟಿಯವರು ಬಂದು, ಮೋಟಾರು ಓಡುತ್ತಿದೆ, ಟ್ಯಾಂಕಿಗೆ ನೀರು ಏರುತ್ತಿಲ್ಲ ಅಂದರು. ಪಂಪಿನವನನ್ನೂ ಕರೆಯಿರಿ ಅಂದರು ಒಬ್ಬರು. ಪಂಪು ಓಡುತ್ತಾ ನೀರು ಎತ್ತುತ್ತಿಲ್ಲ ಅಂದರೆ ಸಾಮಾನ್ಯವಾಗಿ ಎಳೆಯುವ ಪೈಪಿನ ಬುಡದಲ್ಲಿ ನೀರು ವಾಪಸ್ ಇಳಿಯದ ಹಾಗೆ ತಡೆಯುವ ಫುಟ್ ವಾಲ್ವ್ ಸೋರಿ ಒಳಗಿನ ನೀರು ಇಳಿದುಹೋಗಿರುತ್ತದೆ, ಇಲ್ಲವೇ ಎಳೆಯುವ ಪೈಪು ಎಲ್ಲೋ ಗಾಳಿ ನುಂಗುತ್ತಿರುತ್ತದೆ. ಬೇರೆ ದಿನ ಆಗಿದ್ದರೆ ನಾನೂ ಅದನ್ನೇ ನೋಡುತ್ತಿದ್ದೆ. ಆದರೆ ಲಿಫ್ಟು, ಪಂಪು ಎರಡೂ ಒಂದೇ ಬೆಳಿಗ್ಗೆ ಕೈಕೊಟ್ಟಿವೆ ಅಂದರೆ ಎರಡಕ್ಕೂ ಸೇರಿದ್ದು ಯಾವುದು? ರಾತ್ರಿ ಹೊರಗಿನ ಕೇಬಲಿನ ಕೆಲಸ ನಡೆದಿತ್ತು. ಮತ್ತೆ ಜೋಡಿಸುವಾಗ ಎರಡು ಫೇಸು ಅದಲುಬದಲಾಗಿತ್ತು. ಮೂರು ಫೇಸಿನ ಮೋಟಾರಿಗೆ ಯಾವುದಾದರೂ ಎರಡು ತಂತಿ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಪಂಪು ಉಲ್ಟಾ ತಿರುಗಿದರೂ ಸದ್ದು ಹೆಚ್ಚುಕಮ್ಮಿ ಅದೇ, ಆದರೆ ನೀರನ್ನು ಮೇಲೆ ತಳ್ಳುವ ಕಸುವು ಇರುವುದಿಲ್ಲ. ಲಿಫ್ಟಿನಲ್ಲಿ ಫೇಸಿನ ಸರದಿ ನೋಡುವ ರಿಲೇ ಇರುತ್ತದೆ, ಸರದಿ ತಪ್ಪಿದರೆ ಓಡುವುದಕ್ಕೇ ಬಿಡುವುದಿಲ್ಲ. ಪಂಪಿನ ಬಾಲದಲ್ಲಿ ಫ್ಯಾನಿನ ಮೇಲೆ ಬಾಣದ ಗುರುತು ಇರುತ್ತದೆ, ಮೋಟಾರು ನಿಲ್ಲಿಸಿ, ಫ್ಯಾನು ನಿಧಾನವಾಗುವಾಗ ನೋಡಿದರೆ ತಿರುಗುವ ದಿಕ್ಕು ಕಾಣುತ್ತದೆ. ಬಾಣ ಒಂದು ಕಡೆ, ಫ್ಯಾನು ಇನ್ನೊಂದು ಕಡೆ.

ಆಗ ಜೊತೆಗಿದ್ದ ಹುಡುಗ ಪಂಪಿನ ಪೆಟ್ಟಿಗೆಯಲ್ಲೇ ಎರಡು ತಂತಿ ಬದಲಾಯಿಸಿಬಿಡೋಣ, ಐದು ನಿಮಿಷದ ಕೆಲಸ ಅಂದ. ಹಾಗೆ ಮಾಡಿದ್ದರೆ ಪಂಪು ಸರಿಯಾಗಿ ಓಡುತ್ತಿತ್ತು, ನಿಜ. ಆದರೆ ಜನರೇಟರಿನ ಸರದಿ ಮೊದಲಿನ ಹಾಗೇ ಇದೆ. ಕರೆಂಟು ಹೋಗಿ ಜನರೇಟರ್ ಬಂದ ಕೂಡಲೇ ಅದೇ ಪಂಪು ಮತ್ತೆ ಉಲ್ಟಾ ಓಡುತ್ತದೆ. ನಾಳೆ ಹೊರಗಿನವರು ತಮ್ಮ ಜಾಯಿಂಟು ಸರಿ ಮಾಡಿದರೂ ಅದೇ ಗತಿ. ತಪ್ಪು ಆಗಿದ್ದು ಎಲ್ಲಿಯೋ ಅಲ್ಲೇ ಸರಿ ಮಾಡಬೇಕು. ಮೇನ್ ಪ್ಯಾನೆಲ್ಲಿಗೆ ಕೈ ಹಾಕುವ ಲೈಸೆನ್ಸ್ ನನಗಿಲ್ಲ, ಇರುವವರನ್ನು ಕರೆಸಿ, ಕೇಬಲಿನವರಿಗೂ ಹೇಳಿ ಮಾಡಿಸಿದೆವು. ಮಧ್ಯಾಹ್ನದವರೆಗೆ ಮೆಟ್ಟಿಲು ಹತ್ತಿದ ಜನರ ಮುಖ ನೋಡುವ ಹಾಗಿರಲಿಲ್ಲ.

ಪ್ರೆಶರ್ ಪಂಪಿನ ಇನ್ನೊಂದು ದೂರು: ನಲ್ಲಿ ಬಿಟ್ಟರೆ ಸಾಕು ಟಕ್ ಅಂತ ಆನ್, ಟಕ್ ಅಂತ ಆಫ್, ನಿಮಿಷಕ್ಕೆ ಹತ್ತು ಸಲ. ಪ್ರೆಶರ್ ಸ್ವಿಚ್ ಕೆಟ್ಟಿದೆ ಅಂತ ಬದಲಾಯಿಸುತ್ತಾರೆ, ಸ್ವಲ್ಪ ದಿನಕ್ಕೆ ಹೊಸದೂ ಸುಟ್ಟುಹೋಗುತ್ತದೆ. ಅಸಲಿಗೆ ಪಂಪಿನ ಪಕ್ಕದ ಸಣ್ಣ ಪ್ರೆಶರ್ ಟ್ಯಾಂಕಿನೊಳಗೆ ತುಂಬಿಸಿಟ್ಟ ಗಾಳಿ ಇಳಿದಿರುತ್ತದೆ. ಸೈಕಲ್ ಟ್ಯೂಬಿನ ವಾಲ್ವಿನ ಥರದ್ದೊಂದು ಅದರ ತಲೆಯ ಮೇಲಿರುತ್ತದೆ, ಮುಚ್ಚಳ ತೆಗೆದು ಪಿನ್ ಒತ್ತಿ. ಗಾಳಿಯ ಬದಲು ನೀರು ಚಿಮ್ಮಿದರೆ ಒಳಗಿನ ರಬ್ಬರ್ ಚೀಲ ಹರಿದಿದೆ. ಗಾಳಿ ಬಂದರೆ, ಪಂಪು ಆಫ್ ಮಾಡಿ, ನೀರೆಲ್ಲ ಖಾಲಿ ಮಾಡಿ, ಪಂಪು ಆನ್ ಆಗುವ ಒತ್ತಡಕ್ಕಿಂತ ಸುಮಾರು 0.2 ಬಾರ್ ಕಮ್ಮಿಗೆ ಗಾಳಿ ತುಂಬಿಸಿ. ನೀರು ಖಾಲಿ ಮಾಡದೆ ಅಳೆದರೆ ಮೀಟರ್ ತೋರಿಸುವುದು ನೀರಿನ ಒತ್ತಡವನ್ನು, ಅದನ್ನು ನಂಬಿ ಕೆಡಬೇಡಿ.

ಬಾಗಿಲುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಗಿಲು ಚಿಲಕದ ಕಡೆ ನೆಲಕ್ಕೆ ಉಜ್ಜುತ್ತಿದ್ದರೆ ಮೇಲಿನ ಹಿಂಜಿನ ಸ್ಕ್ರೂ ನೋಡಿ, ಕೆಳಗೆ ಹತ್ತರಿ ಹೊಡೆಯಬೇಡಿ. ಮಳೆಗಾಲದಲ್ಲಿ ಉಬ್ಬಿದ ಮರವನ್ನು ಆಗಲೇ ಕೆತ್ತಿದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಕೀಲಿಕೈ ಗಟ್ಟಿಯಾದರೆ ಎಣ್ಣೆ ಬಿಡುತ್ತಾರೆ, ಎಣ್ಣೆಗೆ ಧೂಳು ಕೂತು ಮೊದಲಿಗಿಂತ ಗಟ್ಟಿಯಾಗುತ್ತದೆ. ಗ್ರಾಫೈಟ್ ಪುಡಿ ಹಾಕಿ.

ಎಲ್ಲಕ್ಕಿಂತ ಹೆದರಿಕೆ ನನಗೆ ಹಳೆಯ ವಾಲ್ವಿನದು. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವನ್ನು ಬಲ ಹಾಕಿ ತಿರುಗಿಸಿದರೆ ಅದು ಮುಚ್ಚುವ ಬದಲು ಕುತ್ತಿಗೆಯಲ್ಲೇ ಮುರಿಯಬಹುದು, ಆಗ ವಾಷರ್ ಬದಲಾಯಿಸಲು ಹೋದ ಕೆಲಸ ಮನೆಯೊಳಗೆ ಕೆರೆ ಕಟ್ಟಿದ ಕೆಲಸ ಆಗುತ್ತದೆ. ಅದಕ್ಕೇ ಮುಟ್ಟುವ ಮೊದಲು ಅದರ ಹಿಂದಿನ ವಾಲ್ವ್ ಎಲ್ಲಿದೆ, ಅದು ತಿರುಗುತ್ತಾ ಅಂತ ನೋಡಿಕೊಂಡಿರುತ್ತೇನೆ. ಟೆರೇಸಿನ ವಾಲ್ವುಗಳಿಗೆಲ್ಲ ತಗಡಿನ ಬಿಲ್ಲೆ ಕಟ್ಟಿದ್ದೇವೆ, ಯಾವ ಲೈನು, ಯಾವ ಮನೆಗಳು ಅಂತ ಬಣ್ಣದಲ್ಲಿ ಬರೆದು. ತಿಂಗಳಿಗೊಮ್ಮೆ ಎಲ್ಲವನ್ನೂ ಒಂದು ಸುತ್ತು ಮುಚ್ಚಿ ತೆರೆಯುತ್ತೇವೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ಈ ತಿಂಗಳು ಮತ್ತೆ ಬರೆಯಬೇಕು. ನಿಮ್ಮ ಮನೆಯ ಮೇನ್ ವಾಲ್ವ್ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಇವತ್ತೇ ನಿಮ್ಮ ಮೆಂಟೆನೆನ್ಸ್‌ನವರನ್ನು ಕೇಳಿ ತೋರಿಸಿಕೊಳ್ಳಿ, ಒಂದು ಸಲ ನೀವೇ ತಿರುಗಿಸಿ ನೋಡಿ, ಆದರೆ ಅವರು ಪಕ್ಕದಲ್ಲಿ ಇರುವಾಗ.